ತಟ್ಟೆ ಬದಲಾಗಲಿ, ಆದರೆ ಅದರ ಖರ್ಚು ಯಾರ ತಲೆಗೆ?

2013-14ರಲ್ಲಿ ಒಂದು ಕ್ವಿಂಟಾಲ್ ರಾಗಿಗೆ ಕೇಂದ್ರ ಸರ್ಕಾರ ಕೊಟ್ಟಿದ್ದ ಬೆಂಬಲ ಬೆಲೆ 1,500 ರೂಪಾಯಿ. ಸಾಮಾನ್ಯ ಭತ್ತಕ್ಕೆ 1,310. 2025-26ಕ್ಕೆ ಬಂದರೆ ರಾಗಿಗೆ 4,886, ಭತ್ತಕ್ಕೆ 2,369. ಹನ್ನೆರಡು ವರ್ಷದಲ್ಲಿ ರಾಗಿಯ ಬೆಲೆ ಮೂರು ಪಟ್ಟು ದಾಟಿತು, ಭತ್ತದ್ದು ಎರಡು ಪಟ್ಟೂ ಆಗಲಿಲ್ಲ. ಈ ಲೆಕ್ಕ ನೋಡಿದರೆ ರಾಗಿ ಬೆಳೆಯುವವರಿಗೆ ಇದಕ್ಕಿಂತ ಒಳ್ಳೆ ಕಾಲ ಬಂದಿಲ್ಲ ಅನ್ನಿಸಬೇಕು. ಆದರೂ ತುಮಕೂರು, ಚಿತ್ರದುರ್ಗದ ಕಡೆ ರಾಗಿ ಹೊಲಗಳು ಅಡಿಕೆ ತೋಟ ಆಗುತ್ತಲೇ ಇವೆ. ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಇಂಥದೇ ಹೊಲಗಳಿಗೆ ಮೊದಲು ನೀಲಗಿರಿ ಬಂತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ಹಾಕಬಾರದು ಅಂದಿತು. ಅಷ್ಟರಲ್ಲಿ ಎಷ್ಟೋ ಊರಿನ ಅಂಚಿಗೆ ಲೇಔಟ್‌ಗಳೇ ಬಂದಿದ್ದವು.

ಹಾಗಾದರೆ ಬೆಲೆ ಏರಿದರೂ ಹೊಲ ಯಾಕೆ ಉಳಿಯಲಿಲ್ಲ? ರಾಗಿ ಬೆಳೆದವರನ್ನು ಕೇಳಿದರೆ ಮೊದಲು ಬರುವ ಮಾತು ಆಳಿನದು. ಕಳೆ ಕೀಳಬೇಕು, ಕೊಯ್ಯಬೇಕು, ಕಟ್ಟು ಕಟ್ಟಬೇಕು, ಮೆದೆ ಹಾಕಬೇಕು, ಒಕ್ಕಣೆ ಮಾಡಬೇಕು. ಮಳೆ ನಂಬಿದ ಎರಡು ಎಕರೆಗೆ ಇಷ್ಟೆಲ್ಲ ಕೂಲಿ ಕೊಟ್ಟು, ಕೊನೆಗೆ ಕಣದಲ್ಲೇ ವ್ಯಾಪಾರಿಗೆ ಅಳೆದು ಕೊಟ್ಟರೆ, ಸರ್ಕಾರ ಸಾರಿದ ಬೆಲೆ ಕೈಗೆ ಬರುವುದೇ ಇಲ್ಲ. ಬೋರ್‌ವೆಲ್ ಇದ್ದವರು ಅಡಿಕೆ ಕಡೆ ಹೋದರು. ಊರು ಬಿಟ್ಟು ಪೇಟೆ ಸೇರಿದವರು ಹೊಲವನ್ನು ಮರಕ್ಕೆ ಬಿಟ್ಟರು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ಊಟದ ಪದ್ಧತಿ ಬದಲಾಗಬೇಕು ಅನ್ನುವ ಮಾತು ಈಗ ಜಗತ್ತಿನ ಎಲ್ಲ ಕಡೆ ಜೋರಾಗಿದೆ. ಅದು ಸುಮ್ನೆ ಎದ್ದ ಮಾತೇನೂ ಅಲ್ಲ. ಮನುಷ್ಯರಿಂದ ವಾತಾವರಣಕ್ಕೆ ಸೇರುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆಹಾರಕ್ಕೆ ಸಂಬಂಧಪಟ್ಟದ್ದು. ಹೊಲ, ದನ, ಗೊಬ್ಬರ, ಸಾಗಣೆ, ಅಡುಗೆ, ಬಿಸಾಡಿದ ಊಟ ಎಲ್ಲ ಸೇರಿ. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಏಳುತ್ತದೆ. ಅಂತರ್ಜಲ ತಳ ಮುಟ್ಟುತ್ತಿದೆ. 2019ರಲ್ಲಿ ಈಟ್-ಲ್ಯಾನ್ಸೆಟ್ ಆಯೋಗದ ವಿಜ್ಞಾನಿಗಳು ಭೂಮಿಗೂ ಮನುಷ್ಯನಿಗೂ ಹಿತವಾದ ಊಟ ಹೇಗಿರಬೇಕು ಅಂತ ಒಂದು ಮಾದರಿ ತಟ್ಟೆಯನ್ನೇ ಮುಂದಿಟ್ಟರು. ಕಾಳು, ತರಕಾರಿ, ಹಣ್ಣು, ಬೀಜ ಜಾಸ್ತಿ. ಮಾಂಸ, ಸಕ್ಕರೆ ಕಡಿಮೆ. ಮರುವರ್ಷವೇ ಬೇರೆ ಸಂಶೋಧಕರು ಆ ತಟ್ಟೆಯ ಬೆಲೆ ಲೆಕ್ಕ ಹಾಕಿದರು. ಜಗತ್ತಿನ ಸುಮಾರು 158 ಕೋಟಿ ಜನಕ್ಕೆ ಅದನ್ನು ಕೊಂಡು ತಿನ್ನುವ ಶಕ್ತಿಯೇ ಇಲ್ಲ ಅಂತ ಗೊತ್ತಾಯಿತು. ಅದೇ ಆಯೋಗ 2025ರಲ್ಲಿ ಎರಡನೇ ವರದಿ ತಂದಾಗ ನ್ಯಾಯದ ಪ್ರಶ್ನೆಯನ್ನು ನಡುಮಧ್ಯಕ್ಕೆ ತಂದಿತು.

ಬದಲಾವಣೆಯ ಖರ್ಚು ಬಡವರ ತಲೆಗೆ ಬೀಳದ ಹಾಗೆ ಬದಲಾಗುವುದನ್ನು ಸಂಶೋಧಕರು ನ್ಯಾಯಯುತ ಪರಿವರ್ತನೆ ಅನ್ನುತ್ತಾರೆ. ವಿಚಾರ ಹುಟ್ಟಿದ್ದು ಕಾರ್ಖಾನೆಯಲ್ಲಿ. ಅಮೆರಿಕದ ತೈಲ, ರಾಸಾಯನಿಕ ಕಾರ್ಮಿಕರ ನಾಯಕ ಟೋನಿ ಮಝೋಕಿ ಮುಂದಿಟ್ಟ ವಾದ ಸರಳವಾಗಿತ್ತು. ವಿಷ ತುಂಬಿದ ಮಣ್ಣು ಸ್ವಚ್ಛ ಮಾಡಲು ಸರ್ಕಾರ ನಿಧಿ ಇಡುತ್ತದೆ. ಆ ವಿಷದ ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಂಡವನಿಗೂ ನಿಧಿ ಇರಬೇಡವೇ? 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಮುನ್ನುಡಿಗೂ ಈ ಮಾತು ಸೇರಿತು. ಕಲ್ಲಿದ್ದಲು ಗಣಿಗೆ ಇದನ್ನು ಹೊಂದಿಸುವುದು ಸುಲಭ. ಆಹಾರಕ್ಕೆ ಹೊಂದಿಸುವುದು ಕಷ್ಟ. ಗಣಿ ಮುಚ್ಚಿದರೆ ಕೆಲಸ ಹೋದವರ ಪಟ್ಟಿ ಸಿಗುತ್ತದೆ. ಬೆಳೆ ಬದಲಾದರೆ ನಷ್ಟ ಆದವರ ಪಟ್ಟಿ ಯಾರ ಹತ್ತಿರವೂ ಇರುವುದಿಲ್ಲ. ಕೂಲಿ ಹೋದ ಹೆಂಗಸು, ಮೇವು ಹೋದ ಹಸು, ಪಾಲಿಗೆ ಮಾಡುತ್ತಿದ್ದ ಹೊಲ ಕಳೆದುಕೊಂಡವನು ಯಾವ ಕಡತದಲ್ಲೂ ಇಲ್ಲ. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇಲ್ಲೇ ಇದೆ.

ಮೊದಲು ಅಕ್ಕಿಯ ವಿಷಯ. ಸಿರಿಧಾನ್ಯದ ಪರ ಮಾತಾಡುವಾಗ ಅಕ್ಕಿಯನ್ನು ಖಳನಾಯಕ ಮಾಡುವುದು ಈಗ ರೂಢಿ. ನಾನು ಇದನ್ನು ಒಪ್ಪುವುದಿಲ್ಲ. ಬಯಲುಸೀಮೆಯ ಬಡವರ ಮನೆಗಳಲ್ಲಿ ಅನ್ನ ಹಬ್ಬಕ್ಕೆ ಮಾತ್ರ ಆಗುತ್ತಿದ್ದ ಕಾಲ ತುಂಬಾ ಹಿಂದಿನದಲ್ಲ. ಕೂಲಿಯನ್ನು ಕಾಳಿನಲ್ಲೇ ಕೊಡುತ್ತಿದ್ದರು, ಅದೂ ಗೌಡರ ಮನೆ ಕಣಜದಿಂದ. ಜೀತ ರದ್ದಾಗುವ ಕಾನೂನು ಬಂದದ್ದೇ 1976ರಲ್ಲಿ. ಇಂಥ ಊರುಗಳಿಗೆ ನ್ಯಾಯಬೆಲೆ ಅಂಗಡಿಯ ಅಕ್ಕಿ ಬಂದಾಗ ಹೊಟ್ಟೆಯ ಜೊತೆಗೆ ಇನ್ನೊಂದು ವಿಷಯವೂ ಬದಲಾಯಿತು. ಈ ತಿಂಗಳ ಊಟಕ್ಕೆ ಯಾರ ಮನೆ ಬಾಗಿಲಲ್ಲೂ ನಿಲ್ಲಬೇಕಿಲ್ಲ ಅನ್ನುವ ಧೈರ್ಯ ಬಂತು. 2013ರ ಜುಲೈಯಲ್ಲಿ ಒಂದು ರೂಪಾಯಿಗೆ ಕೆಜಿಯಂತೆ ಅನ್ನಭಾಗ್ಯದ ಅಕ್ಕಿ ಶುರುವಾದ ಮೇಲೆ ಒಂದು ದೂರು ಎಲ್ಲ ಕಡೆ ಕೇಳಿಬಂತು: ಕೂಲಿಗೆ ಜನ ಸಿಗುವುದಿಲ್ಲ, ಜನ ಸೋಮಾರಿಗಳಾದರು ಅಂತ. ನನಗೆ ಅದು ಬೇರೆ ಥರ ಕಾಣುತ್ತದೆ. ಹಸಿವಿನ ಭಯ ಕಡಿಮೆಯಾದವರು ಕೂಲಿ ಎಷ್ಟು ಅಂತ ಮೊದಲೇ ಕೇಳುವ ಸ್ಥಿತಿಗೆ ಬಂದರು. ಅದೂ ಒಂದು ಪರಿವರ್ತನೆಯೇ ಅಲ್ವಾ? ಬೇಸಾಯದ ಖರ್ಚು ಅದರಿಂದ ಏರಿದ್ದು ನಿಜ. ಸಣ್ಣ ರೈತರಿಗೆ ಅದು ಹೊರೆಯಾದದ್ದೂ ನಿಜ. ಆದರೆ ಆ ಹೊರೆ ಇಳಿಸುವ ದಾರಿ ರಾಗಿಗೆ ತಕ್ಕ ಬೆಲೆ ಕೊಡುವುದು, ಅಕ್ಕಿ ಕಿತ್ತುಕೊಳ್ಳುವುದಲ್ಲ.

ಬರೀ ಅಕ್ಕಿಯಿಂದ ಪೌಷ್ಟಿಕತೆ ಬರುವುದಿಲ್ಲ ಅನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಚೀಚೆ. ಹಾಗಾಗಿ ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದ ಜಿಲ್ಲೆಗಳಿಗೆ ಜೋಳ ಸೇರಿಸಿದ್ದು ಸರಿಯಾದ ಹೆಜ್ಜೆ. ಜನ ತಿನ್ನುವುದನ್ನೇ ಕೊಡುವುದು, ಊರ ಹತ್ತಿರ ಬೆಳೆದದ್ದನ್ನೇ ಕೊಳ್ಳುವುದು. ಸರ್ಕಾರ ಕೊಂಡರೆ ಪೇಟೆಯಲ್ಲೂ ಬೆಲೆ ತೀರಾ ಕುಸಿಯುವುದಿಲ್ಲ.

ಆದರೆ ಇದನ್ನು ಒಂದೇ ಆದೇಶದಲ್ಲಿ ದೊಡ್ಡದು ಮಾಡಲು ಆಗುವುದಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ತಲಾ ಐದು ಕೆಜಿ ಹೆಚ್ಚುವರಿ ಅಕ್ಕಿ ಕೊಡಲು ಹೊರಟಾಗ ತಿಂಗಳಿಗೆ ಎರಡು ಲಕ್ಷ ಟನ್ನಿಗಿಂತ ಜಾಸ್ತಿ ಬೇಕಾಗಿತ್ತು. ಅಕ್ಕಿ ಸಿಗಲಿಲ್ಲ. ಕೆಜಿಗೆ 34 ರೂಪಾಯಿಯಂತೆ ಹಣ ಹಾಕಿದರು. 2025ರ ಫೆಬ್ರುವರಿಯಲ್ಲಿ ಮತ್ತೆ ಅಕ್ಕಿ ಕೊಡಲು ಶುರು ಮಾಡಿದರು. ಅಕ್ಕಿ ಸಿಗದಿದ್ದರೆ ರಾಗಿ ಕೊಡಬಹುದಿತ್ತಲ್ಲ ಅಂತ ಆಗ ಕೇಳಿದವರಿದ್ದರು. ಲೆಕ್ಕ ನೋಡಿ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯುವುದು ಕರ್ನಾಟಕವೇ. ಆದರೂ ಒಳ್ಳೆ ಮಳೆಯಾದ ವರ್ಷದ ಇಡೀ ಬೆಳೆ ಹತ್ತು-ಹನ್ನೆರಡು ಲಕ್ಷ ಟನ್ ಆಸುಪಾಸು. ಆ ಲೆಕ್ಕದಲ್ಲಿ ಆರು ತಿಂಗಳಿಗೆ ಖಾಲಿ. ಬೆಳೆದವರ ಮನೆ ಊಟಕ್ಕೂ ಉಳಿಯುವುದಿಲ್ಲ. ಮೊದಲು ಹೊಲ ಹೆಚ್ಚಬೇಕು. ಹೊಲ ಹೆಚ್ಚಬೇಕಾದರೆ ಬೆಲೆ ಬೆಳೆದವನ ಕೈಗೆ ಸಿಗಬೇಕು.

ಸಿಗುತ್ತಿದೆಯೇ? ರಾಗಿ ಖರೀದಿ ಕೇಂದ್ರದ ಮುಂದೆ ನಿಂತರೆ ಉತ್ತರ ಕಾಣುತ್ತದೆ. ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ. ಕೇಂದ್ರದಲ್ಲಿ ತೂಕ ಶುರುವಾಗುವುದು ಸಾಮಾನ್ಯವಾಗಿ ಜನವರಿ ಹೊತ್ತಿಗೆ. ನಡುವೆ ಸಾಲದವನು ಬರುತ್ತಾನೆ, ಮಕ್ಕಳ ಫೀಸು ಬರುತ್ತದೆ. ಕಾಯುವ ಶಕ್ತಿ ಇದ್ದವರು ಕಾಯುತ್ತಾರೆ, ಇಲ್ಲದವರು ಸಿಕ್ಕಿದ ಬೆಲೆಗೆ ಮಾರುತ್ತಾರೆ. ಕಾದವರದೂ ಸಲೀಸಲ್ಲ. ಎಪಿಎಂಸಿ ಯಾರ್ಡಿನ ಮುಂದೆ ಟ್ರ್ಯಾಕ್ಟರ್ ಸಾಲು. ರಾಗಿ ಜರಡಿ ಹಿಡಿಯಬೇಕು, ತೇವಾಂಶ ನೋಡಬೇಕು, ಚೀಲ ಬರಬೇಕು, ಹಮಾಲಿ ಸಿಗಬೇಕು. ಇಂತಿಷ್ಟೇ ಕ್ವಿಂಟಾಲ್ ಅನ್ನುವ ಮಿತಿ ಬೇರೆ. ಹಣ ಖಾತೆಗೆ ಬರುವುದು ಆಮೇಲೆ.

ಇದೆಲ್ಲಕ್ಕಿಂತ ಮುಖ್ಯವಾದ ಬಾಗಿಲು ಇನ್ನೂ ಮೊದಲೇ ಇದೆ. ಬೆಂಬಲ ಬೆಲೆಗೆ ಮಾರಬೇಕಾದರೆ ರೈತರ ಹೆಸರು ನೋಂದಾಯಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಇರಬೇಕು. ಆ ನಂಬರು ಆಧಾರ್ ಜೊತೆಗೆ ಪಹಣಿಗೆ ಕಟ್ಟಿದ್ದು. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರೇ ರೈತರು. ಬೇರೆಯವರ ಹೊಲವನ್ನು ವಾರಕ್ಕೆ, ಪಾಲಿಗೆ, ಉತ್ತರದ ಕಡೆ ಲಾವಣಿಗೆ ಮಾಡುವವರು ಈ ಲೆಕ್ಕದಲ್ಲಿ ಇಲ್ಲ. ಮಾವನ ಹೆಸರಲ್ಲೋ, ತೀರಿಕೊಂಡ ಗಂಡನ ಹೆಸರಲ್ಲೋ ಇರುವ ಹೊಲ ಮಾಡುತ್ತಿರುವ ಹೆಣ್ಣುಮಗಳೂ ಇಲ್ಲ. ಬೆಳೆ ಸಮೀಕ್ಷೆಯವರು ಬಂದು ಫೋಟೋ ತೆಗೆಯುತ್ತಾರೆ. ಫೋಟೋದಲ್ಲಿ ರಾಗಿ ಇರುತ್ತದೆ, ಬೆಳೆದವರ ಹೆಸರು ಇರುವುದಿಲ್ಲ.

ಇದರ ಹಿಂದೆ ಒಂದು ಇತಿಹಾಸ ಇದೆ. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ, ಗೇಣಿದಾರರಿಗೆ ಭೂಮಿ ಸಿಕ್ಕಿತು. ಉಳುವವನೇ ಹೊಲದೊಡೆಯ ಅನ್ನುವುದು ಲಕ್ಷಾಂತರ ಕುಟುಂಬಗಳಿಗೆ ನಿಜವಾದದ್ದು ಆಗ. ಮತ್ತೆ ಹಳೆ ಗೇಣಿ ಪದ್ಧತಿ ತಲೆ ಎತ್ತಬಾರದು ಅಂತ ಹೊಸದಾಗಿ ಗೇಣಿಗೆ ಕೊಡುವುದನ್ನೇ ಕಾನೂನು ನಿಷೇಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಐವತ್ತು ವರ್ಷದ ಮೇಲೆ ಹೊಲದೊಡೆಯರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಹೊಲ ಮಾಡುತ್ತಿರುವವರು ಊರಲ್ಲಿ ಬಾಯಿಮಾತಿನ ಒಪ್ಪಂದದಲ್ಲಿದ್ದಾರೆ. ಕಾನೂನಿನ ಕಣ್ಣಿಗೆ ಅವರು ಇಲ್ಲವೇ ಇಲ್ಲ. ಕಾಲಕ್ಕೆ ತಕ್ಕ ಹಾಗೆ ತಿದ್ದದೆ ಬಿಟ್ಟರೆ, ಅತಿ ದೊಡ್ಡ ನ್ಯಾಯ ಕೊಟ್ಟ ಕಾನೂನೇ ಮುಂದಿನ ತಲೆಮಾರಿಗೆ ಗೋಡೆ ಆಗುತ್ತದೆ.

ಇನ್ನು ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ. ಪೇಟೆಯಲ್ಲಿ ಜಾಸ್ತಿ ಹೆಸರು ಮಾಡಿದ್ದು ಇವೇ. 2017ರಿಂದ ಬೆಂಗಳೂರಿನಲ್ಲಿ ಸರ್ಕಾರವೇ ಸಿರಿಧಾನ್ಯ ಮೇಳ ನಡೆಸುತ್ತಿದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ ರೈತಸಿರಿ ಯೋಜನೆ ಬಂತು. ಇಷ್ಟಾದರೂ ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿ ರಾಗಿ, ಜೋಳ, ಸಜ್ಜೆಗೆ ಇರುವ ಹಾಗೆ ಈ ಕಿರುಧಾನ್ಯಗಳಿಗೆ ತಮ್ಮದೇ ಬೆಲೆ ಇಲ್ಲ.

ಬೆಲೆಗಿಂತ ದೊಡ್ಡ ತೊಡಕು ಸಿಪ್ಪೆ. ರಾಗಿ ಒಕ್ಕಿದರೆ ಕಾಳು ಕೈಗೆ ಬರುತ್ತದೆ, ಗಿರಣಿಗೆ ಹಾಕಿದರೆ ಹಿಟ್ಟು. ಸಾಮೆ ಹಾಗಲ್ಲ. ಒಕ್ಕಿದ ಮೇಲೂ ಗಟ್ಟಿ ಸಿಪ್ಪೆ ಅಂಟಿಕೊಂಡಿರುತ್ತದೆ. ಹಾರಕದ್ದಂತೂ ಪದರ ಪದರ. ಅದನ್ನು ತೆಗೆಯುವುದು ಒನಕೆ, ಒರಳು, ಬೀಸುಕಲ್ಲಿನ ಕೆಲಸ, ಅಂದರೆ ಹೆಂಗಸರ ರಟ್ಟೆಯ ಕೆಲಸ. ಕುಟ್ಟು, ಕೇರು, ಮತ್ತೆ ಕುಟ್ಟು. ಒಂದು ಹೊತ್ತಿನ ಅನ್ನಕ್ಕೆ ನಸುಕಿನಲ್ಲಿ ಎದ್ದು ಇಷ್ಟು ಮಾಡಬೇಕಿತ್ತು. ದೇಶದಲ್ಲಿ ಕಿರುಧಾನ್ಯದ ಹೊಲ ಐವತ್ತರ ದಶಕದಲ್ಲಿ ಇದ್ದುದರ ಹತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದಿದೆ ಅಂತ ಕೊರಗುವಾಗ ಈ ಒನಕೆಯನ್ನು ಮರೆಯುತ್ತೇವೆ. ಬಿಳಿ ಅಕ್ಕಿ ಬಂದಾಗ ಆ ಹೆಂಗಸರು ಒನಕೆ ಮೂಲೆಗಿಟ್ಟರು. ಅದನ್ನು ತಪ್ಪು ಅನ್ನುವ ಹಕ್ಕು ಯಾರಿಗೂ ಇಲ್ಲ. ಹಿಂದಿನವರ ಊಟಕ್ಕೆ ಮರಳೋಣ ಅನ್ನುವ ಉತ್ಸಾಹದಲ್ಲಿ ಹಿಂದಿನ ಹೆಂಗಸರ ದುಡಿತಕ್ಕೆ ಯಾರನ್ನೂ ಮರಳಿಸಬಾರದು.

ಈಗ ಸಿಪ್ಪೆ ತೆಗೆಯುವ ಯಂತ್ರಗಳಿವೆ. ಆದರೆ ದೊಡ್ಡವು ಪೇಟೆಯಲ್ಲಿವೆ. ಪಾವಗಡದ ಕಡೆ ಕೊರಲೆ ಬೆಳೆದವರು ಸಿಪ್ಪೆ ಸಮೇತ ಮಾರುತ್ತಾರೆ, ಅಕ್ಕಿ ಮಾಡಿದ ಮೇಲಿನ ಬೆಲೆ ಬೇರೆಯವರಿಗೆ ಹೋಗುತ್ತದೆ. ಸಿಪ್ಪೆ ತೆಗೆದ ಸಿರಿಧಾನ್ಯ ಬಹಳ ದಿನ ಇಟ್ಟರೆ ಕಮಟು ಬರುತ್ತದೆ. ಅದನ್ನು ತಪ್ಪಿಸಲು ಜಾಸ್ತಿ ಪಾಲಿಶ್ ಮಾಡಿದರೆ ನಾರು ಹೋಯಿತು. ಆರೋಗ್ಯಕ್ಕೆಂದು ದುಬಾರಿ ಕೊಟ್ಟು ಕೊಂಡವರಿಗೂ ಅಲ್ಲಿಗೆ ಲಾಭ ಕಡಿಮೆ. ಊರಲ್ಲೇ ಸಣ್ಣ ಯಂತ್ರ ಇದ್ದರೆ, ಬೇಕಾದಷ್ಟನ್ನೇ ಆಗಾಗ ಮಾಡಿಕೊಂಡರೆ, ಈ ಎರಡೂ ತೊಡಕು ಸಡಿಲವಾಗುತ್ತವೆ.

ಒಡಿಶಾದಲ್ಲಿ 2017ರಲ್ಲಿ ಶುರುವಾದ ಸಿರಿಧಾನ್ಯ ಮಿಷನ್ ಈ ದಾರಿ ಹಿಡಿಯಿತು. ಆದಿವಾಸಿ ಊರುಗಳ ಮನೆ ಊಟವನ್ನೇ ಮೊದಲು ಗುರಿ ಮಾಡಿಕೊಂಡರು. ಮಹಿಳಾ ಸಂಘಗಳ ಕೈಗೆ ಯಂತ್ರ, ಬೀಜ, ಅಂಗನವಾಡಿಗೆ ರಾಗಿ ಲಡ್ಡು ಮಾಡುವ ಕೆಲಸ ಬಂತು. ರೈತರಿಗೆ ಮೊದಲ ವರ್ಷ ಜಾಸ್ತಿ ಪ್ರೋತ್ಸಾಹಧನ, ಆಮೇಲೆ ವರ್ಷ ವರ್ಷ ಕಡಿಮೆ. ಖರೀದಿ ಸರ್ಕಾರದ್ದೇ. ಭುವನೇಶ್ವರದ ನಬಕೃಷ್ಣ ಚೌಧುರಿ ಅಭಿವೃದ್ಧಿ ಅಧ್ಯಯನ ಕೇಂದ್ರ ಮೊದಲಿಂದ ಜೊತೆಗಿತ್ತು. ಸಂಶೋಧಕರು ಕೆಲಸ ಮುಗಿದ ಮೇಲೆ ಬಂದು ವರದಿ ಬರೆಯುವ ಬದಲು ಯೋಜನೆಯ ಒಳಗೇ ಇದ್ದರು. ನಮ್ಮ ರೈತಸಿರಿ ಬೆಳೆಯುವವರಿಗೆ ಹಣ ಕೊಟ್ಟಿತು. ಬೆಳೆದ ಮೇಲಿನ ದಾರಿ ಅಷ್ಟಾಗಿ ಕಟ್ಟಲಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ತುಂಗಭದ್ರೆಯದು. 1953ರಲ್ಲಿ ನೀರು ನಿಂತ ಈ ಅಣೆಕಟ್ಟಿನ ಎಡದಂಡೆ ಕಾಲುವೆಯ ಯೋಜನೆ ಬರಪೀಡಿತ ನಾಡಿಗೆ ರಕ್ಷಣೆ ಕೊಡುವ ನೀರಾವರಿಯದಾಗಿತ್ತು. ಇರುವ ನೀರನ್ನು ತೆಳ್ಳಗೆ, ಆದಷ್ಟು ಜಾಸ್ತಿ ಹೊಲಗಳಿಗೆ ಹಂಚುವುದು. ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಭತ್ತ ಅಲ್ಲಲ್ಲಿ ಮಾತ್ರ. ಆಮೇಲೆ ಆಗಿದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದವರು ಜಮೀನು ಕೊಂಡು ಕ್ಯಾಂಪ್ ಕಟ್ಟಿಕೊಂಡರು, ಭತ್ತ ಹಾಕಿದರು. ಅವರನ್ನು ನೋಡಿ ಸ್ಥಳೀಯರೂ ಹಾಕಿದರು. ಭತ್ತಕ್ಕೆ ಸಾಲ, ಗೊಬ್ಬರ, ಮಿಲ್ಲು, ಪೇಟೆ ಎಲ್ಲ ಸಿದ್ಧವಿತ್ತು. ಗಂಗಾವತಿ, ಸಿಂಧನೂರಿನ ಸೋನಾ ಮಸೂರಿ ಹೆಸರಾಯಿತು. ಕಾಲುವೆಯ ಕೊನೆ ಭಾಗದ ಮಾನ್ವಿ, ರಾಯಚೂರಿನ ಹೊಲಗಳಿಗೆ ನೀರು ಮುಟ್ಟುವುದೇ ಅಪರೂಪವಾಯಿತು. ಹೂಳು ತುಂಬಿ ಜಲಾಶಯವೂ ಕುಗ್ಗಿದೆ, 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸು. ನೀರಿಗಾಗಿ ಕಾಲುವೆ ಉದ್ದಕ್ಕೂ ನಿಷೇಧಾಜ್ಞೆ ಹಾಕಿದ ವರ್ಷಗಳೂ ಇವೆ.

ಪರಿಸರದ ಲೆಕ್ಕದಲ್ಲಿ ಉತ್ತರ ಸುಲಭ: ಭತ್ತ ಬಿಡಿ, ಜೋಳಕ್ಕೆ ಬನ್ನಿ. ನ್ಯಾಯದ ಲೆಕ್ಕ ಹಾಗೆ ಮುಗಿಯುವುದಿಲ್ಲ. ಮೇಲ್ಭಾಗದಲ್ಲಿ ಐವತ್ತು ಎಕರೆಯವರೂ ಇದ್ದಾರೆ, ಎರಡು ಎಕರೆಯವರೂ ಇದ್ದಾರೆ. ನಾಟಿ, ಕಳೆಯ ಕೂಲಿಯನ್ನೇ ನಂಬಿದ ಹೆಂಗಸರಿದ್ದಾರೆ. ಇನ್ನೊಂದು ಕಡೆ, ಬರಬೇಕಾದ ನೀರು ಬರದೆ ತಲೆಮಾರುಗಳಿಂದ ನಷ್ಟ ತಿಂದ ಕೊನೆ ಭಾಗದವರಿದ್ದಾರೆ. ಅವರಿಗೆ ಪರಿಹಾರ ಯಾರೂ ಕೊಟ್ಟಿಲ್ಲ. ನನ್ನ ಅಭಿಪ್ರಾಯದಲ್ಲಿ ನೀರಿನ ಮೊದಲ ಹಕ್ಕು ಕೊನೆ ಭಾಗದವರದೇ. ಆದರೆ ಜೋಳದಿಂದ ಭತ್ತಕ್ಕೆ ಹೋಗಲು ಸರ್ಕಾರವೇ ಸಾಲ, ಬೆಲೆ, ಖರೀದಿ ಎಲ್ಲ ಒದಗಿಸಿತ್ತು. ವಾಪಸ್ ಬರುವ ಖರ್ಚನ್ನು ರೈತರೇ ಹೊರಲಿ ಅನ್ನುವುದು ಸರಿಯಲ್ಲ. ಹರಿಯಾಣ 2020ರಲ್ಲಿ ಭತ್ತ ಬಿಟ್ಟು ಬೇರೆ ಬೆಳೆ ಹಾಕುವವರಿಗೆ ಎಕರೆಗೆ 7,000 ರೂಪಾಯಿ ಕೊಡಲು ಶುರು ಮಾಡಿತು. ಇಲ್ಲಿ ಅಷ್ಟು ಸಾಲದು. ಬಿಳಿಜೋಳಕ್ಕೆ ಖಾತ್ರಿ ಖರೀದಿಯೂ, ಕೂಲಿಯವರಿಗೆ ಬದಲಿ ಕೆಲಸವೂ ಜೊತೆಗೆ ಬರಬೇಕು.

ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದನ್ನು ಶ್ರೀಲಂಕಾ ತೋರಿಸಿತು. ಗೋಟಬಯ ರಾಜಪಕ್ಸ 2019ರ ಚುನಾವಣೆಯಲ್ಲಿ ಕೊಟ್ಟ ಮಾತು, ಹತ್ತು ವರ್ಷದಲ್ಲಿ ಸಾವಯವಕ್ಕೆ ಹೋಗುವುದು. 2021ರಲ್ಲಿ ವಿದೇಶಿ ವಿನಿಮಯ ಬತ್ತುತ್ತಿದ್ದಂತೆ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರ್ ನಿಲ್ಲಿಸಿದರು. ಬದಲಿಗೆ ಬೇಕಾದಷ್ಟು ಸಾವಯವ ಗೊಬ್ಬರ ಇರಲಿಲ್ಲ, ತರಬೇತಿ ಇರಲಿಲ್ಲ. ರೈತರು ಬೀದಿಗಿಳಿದರು. ನವೆಂಬರಿನಲ್ಲಿ ನಿಷೇಧ ಹಿಂದಕ್ಕೆ ಹೋಯಿತು, ಅಷ್ಟರಲ್ಲಿ ಮುಖ್ಯ ಹಂಗಾಮಿನ ಬಿತ್ತನೆ ಕೆಟ್ಟಿತ್ತು. ಭತ್ತದ ಇಳುವರಿ ಪಾತಾಳ ಕಂಡಿತು, ಅಕ್ಕಿ ಆಮದು ಮಾಡಬೇಕಾಯಿತು. ಬೇಸಾಯದವರನ್ನು ಕೇಳದೆ ಬೇಸಾಯ ಬದಲಿಸಲು ಹೊರಟದ್ದರ ಫಲ ಅದು. ಸಾವಯವ ಅನ್ನುವ ಒಳ್ಳೆ ವಿಚಾರಕ್ಕೂ ಅಲ್ಲಿ ಕೆಟ್ಟ ಹೆಸರು ಅಂಟಿತು.

ನಮ್ಮಲ್ಲಿ ಕೇಳುವ ಜಾಗಗಳು ಯಾವುವು? ತುಂಗಭದ್ರೆಯ ನೀರು ಯಾವಾಗ, ಎಷ್ಟು ಅನ್ನುವುದನ್ನು ನೀರಾವರಿ ಸಲಹಾ ಸಮಿತಿ ನಿರ್ಧರಿಸುತ್ತದೆ. ಮಂತ್ರಿಗಳು, ಶಾಸಕರು, ಅಧಿಕಾರಿಗಳು ಅಲ್ಲಿರುತ್ತಾರೆ. ಕೊನೆ ಭಾಗದ ಸಣ್ಣ ರೈತರಿಗೆ, ನಾಟಿ ಕೂಲಿಯವರಿಗೆ ಅಲ್ಲಿ ಹಕ್ಕಿನ ಕುರ್ಚಿ ಬೇಕು. ರಾಗಿ ಖರೀದಿಯ ದಿನಾಂಕ, ಮಿತಿ ಗೊತ್ತು ಮಾಡುವಾಗಲೂ ಅಷ್ಟೇ.

ಪಾಲಿಗೆ ಮಾಡುವವರ ವಿಷಯದಲ್ಲಿ ಪಕ್ಕದ ಆಂಧ್ರಪ್ರದೇಶ ಎರಡು ಸಲ ಪ್ರಯತ್ನ ಮಾಡಿದೆ. 2011ರಲ್ಲಿ ಸಾಗುವಳಿದಾರರಿಗೆ ಸಾಲದ ಅರ್ಹತಾ ಕಾರ್ಡು ತಂದರು. 2019ರಲ್ಲಿ ಹೊಸ ಕಾನೂನು ಮಾಡಿ, ಹನ್ನೊಂದು ತಿಂಗಳ ಕಾರ್ಡು ಕೊಟ್ಟರು. ಅದು ಇದ್ದರೆ ಹೊಲದ ಒಡೆತನಕ್ಕೆ ಏನೂ ಧಕ್ಕೆ ಇಲ್ಲ, ಬೆಳೆಯ ಮೇಲಿನ ಹಕ್ಕು ಮಾತ್ರ ಬೆಳೆದವರದು. ಆದರೆ ಕಾರ್ಡಿಗೆ ಹೊಲದ ಮಾಲೀಕರ ಒಪ್ಪಿಗೆಯ ಸಹಿ ಬೇಕು ಅಂತ ಷರತ್ತು ಹಾಕಿದರು. ಸಹಿ ಹಾಕಿದರೆ ಹೊಲ ಕೈಬಿಟ್ಟೀತು ಅನ್ನುವ ಭಯಕ್ಕೆ ಎಷ್ಟೋ ಮಾಲೀಕರು ಹಿಂದೆ ಸರಿದರು. ಕರ್ನಾಟಕ ಇಂಥದ್ದನ್ನು ಮಾಡುವುದಾದರೆ ಮಾಲೀಕರ ಸಹಿಯ ಬದಲು ಗ್ರಾಮಸಭೆಯ ದೃಢೀಕರಣ ಸಾಕು ಅನ್ನಬೇಕು. ಯಾವ ಹೊಲವನ್ನು ಯಾರು ಉಳುತ್ತಿದ್ದಾರೆ ಅನ್ನುವುದು ಊರಿಗೆಲ್ಲ ಗೊತ್ತಿರುವ ವಿಷಯವೇ.